ಐದನೇ ಕ್ಲಾಸಿನ ಮಕ್ಕಳಿಗೆ ಓದೋಕೆ ಬರ್ತಿಲ್ಲ. ಸಿಲಬಸ್ ಮುಗಿಸ್ಲಾ, ಓದು ಕಲಿಸ್ಲಾ?

ಐದನೇ_ಕ್ಲಾಸ್_ಟೀಚರ್ (ಮಂಡ್ಯ)

ಎಲ್ರಿಗೂ ನಮಸ್ಕಾರ. ಮಂಡ್ಯ ಊರಿನ ಅಂಚಿನಲ್ಲಿರೋ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ಜೂನ್‌ನಲ್ಲಿ ವರ್ಗವಾಗಿ ಬಂದೆ. ನನಗೆ ಕೊಟ್ಟಿರೋದು ಐದನೇ ಕ್ಲಾಸು, 34 ಮಕ್ಕಳು. ಅಪ್ಪ ಅಮ್ಮಂದಿರದ್ದು ಗಾರೆ ಕೆಲಸ, ಆಲೆಮನೆ ಕೂಲಿ, ಮನೆಗೆಲಸ, ತಳ್ಳುಗಾಡಿ, ಗುಜರಿ. ಒಂದೇ ರೂಮಿನ ಮನೆಗಳು. ಅರ್ಧಕ್ಕರ್ಧ ಮಕ್ಕಳು ಬೆಳಗ್ಗೆ ಟೀ ಕುಡ್ಕೊಂಡು ಬರ್ತಾರೆ, ಅಷ್ಟೇ.

ಮೊದಲನೇ ವಾರ ಕನ್ನಡ ಪಾಠ ಒಬ್ಬೊಬ್ಬರ ಹತ್ರ ಓದಿಸ್ದೆ. ಒಬ್ಬ ಹುಡುಗ ಎದ್ದು ನಿಂತು ಇಡೀ ಪ್ಯಾರಾ ಗಡಗಡ ಅಂತ ಹೇಳ್ಬಿಟ್ಟ. ಹತ್ರ ಹೋಗಿ ನೋಡ್ದೆ. ಬಾಯಿ ಪ್ಯಾರಾ ಮುಗಿಸಿತ್ತು, ಬೆರಳು ಇನ್ನೂ ಒಂದನೇ ಸಾಲಲ್ಲೇ ಇತ್ತು. ಮುಂದಿನ ಬೆಂಚಿನವರು ಓದಿದ್ದನ್ನ ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂಡಿದ್ದ. ಬೋರ್ಡ್ ಮೇಲೆ 'ಬಸವ' ಅಂತ ಬರೆದೆ. ತುಂಬಾ ಹೊತ್ತು ನೋಡಿ 'ಬಸ್ಸು' ಅಂದ.

ಅವತ್ತೇ ಎಲ್ರನ್ನೂ ಒಬ್ಬೊಬ್ಬರಾಗಿ ಕೂರಿಸ್ಕೊಂಡು ನೋಡ್ದೆ. ಸಲೀಸಾಗಿ ಓದೋರು 11. ಕೂಡಿಸಿ ಕೂಡಿಸಿ ಓದೋರು 9. ಅಕ್ಷರ ಗೊತ್ತು, ಕಾಗುಣಿತ ಬರಲ್ಲ ಅನ್ನೋರು 8. ಅಕ್ಷರವೇ ಪೂರ್ತಿ ಗೊತ್ತಿಲ್ಲದವರು 6. ಈ ಮಕ್ಕಳ ಮುಂದೆ ನಾನು ಪರಿಸರ ಅಧ್ಯಯನದ ಪ್ರಶ್ನೋತ್ತರ ಬೋರ್ಡ್ ಮೇಲೆ ಬರೀಬೇಕು, ಅವರು ಅದನ್ನ ಚಿತ್ರ ಬಿಡಿಸಿದ ಹಾಗೆ ನೋಟ್ಸಿಗೆ ಇಳಿಸ್ಬೇಕು. ಕೈಬರಹ ಮಾತ್ರ ಮುತ್ತು ಪೋಣಿಸಿದ ಹಾಗಿದೆ, ಬರೆದದ್ದು ಏನು ಅಂತ ಕೇಳಿದ್ರೆ ಗೊತ್ತಿಲ್ಲ.

ತನಿಖೆಗೆ ಬಂದವರು ಕೇಳೋದು 'ಎಷ್ಟು ಪಾಠ ಆಯ್ತು, ಎಫ್‌ಎ (ಕಿರು ಪರೀಕ್ಷೆ) ಅಂಕ ಹಾಕಿದ್ರಾ' ಅಂತ. ನಾನು ಎರಡು ತಿಂಗಳು ಸಿಲಬಸ್ ಬದಿಗಿಟ್ಟು ಓದು ಕಲಿಸಿದ್ರೆ ತಪ್ಪಾ? ಹೇಗೆ ಶುರು ಮಾಡ್ಲಿ? ಇಂಥ ಶಾಲೆಯಲ್ಲಿ ಪಾಠ ಮಾಡಿದವರು ದಯವಿಟ್ಟು ಹೇಳಿ.

ಸಿಟಿಬಸ್_61

ಓದು ಕಲಿಸಿ ಮೇಡಂ. ಎರಡನೇ ಮಾತೇ ಇಲ್ಲ.

ಚಾಮುಂಡಿಬೆಟ್ಟದಡಿ

ಬೇಜಾರ್ ಮಾಡ್ಕೋಬೇಡಿ. ನಾಲ್ಕು ವರ್ಷ ಆ ಮಕ್ಕಳಿಗೆ ಪಾಠ ಮಾಡಿದವರು ಏನ್ ಮಾಡ್ತಿದ್ರು? ಸರ್ಕಾರಿ ಮೇಷ್ಟ್ರು ಮಕ್ಕಳೆಲ್ಲ ಕಾನ್ವೆಂಟಲ್ಲಿ. ಅಪ್ಪ ಅಮ್ಮಂಗೂ ಆಸಕ್ತಿ ಇಲ್ಲ. ಪುಸ್ತಕ, ಬಟ್ಟೆ, ಊಟ ಎಲ್ಲ ಫ್ರೀ ಕೊಟ್ರೂ ಕಳಿಸಲ್ಲ. ಮೈಸೂರಲ್ಲಿ ನಮ್ಮ ಮನೆ ಹತ್ರದ ಸರ್ಕಾರಿ ಶಾಲೇಲಿ ಈಗ 20 ಮಕ್ಕಳೂ ಇಲ್ಲ.

ಕಬ್ಬಿನಗದ್ದೆ

ಆಸಕ್ತಿ ಇಲ್ಲ ಅಂತ ಮನೇಲಿ ಕೂತ್ಕಂಡು ಹೇಳ್ಬ್ಯಾಡಿ ಸಾ. ನಾನು ನಮ್ಮೂರ್ ಶಾಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೆಂಬ್ರು. ಮೀಟಿಂಗ್ ಮಡಗೋದು ಬುಧವಾರ ಬೆಳಿಗ್ಗೆ 11ಕ್ಕೆ. ಕೂಲಿ ಬಿಟ್ಬುಟ್ಟು ಯಾರ್ ಬತ್ತಾರೆ? ನಾವು ಭಾನ್ವಾರ ಸಂಜೆ ದೇವಸ್ಥಾನದ ಜಗುಲಿ ಮೇಲೆ ಮಡಗ್ದೋ. ತಾಯಂದ್ರೇ ಜಾಸ್ತಿ ಬಂದ್ರು. ಒಂದು ಹೆಣ್ಣುಮಗಳು ಎದ್ದು ನಿಂತು 'ನನ್ ಮಗ ಫೇಲೂ ಆಗಿಲ್ಲ, ಓದಾಕೂ ಬರಲ್ಲ, ಇದೆಂಗೆ' ಅಂತ ಕೇಳುದ್ಲು. ಮೇಷ್ಟ್ರು ಹತ್ರ ಉತ್ತರ ಇರ್ನಿಲ್ಲ.

ಹಳೇಮೇಷ್ಟ್ರು

ಟೀಚರಮ್ಮ, ನಾನು ನಾಗಮಂಗಲ, ಕೆ.ಆರ್. ಪೇಟೆ ಕಡೆ 33 ವರ್ಷ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದವನು. ನೀವು ಒಬ್ಬೊಬ್ಬರನ್ನೇ ಕೂರಿಸ್ಕೊಂಡು ನೋಡಿದ್ರಲ್ಲ, ಅರ್ಧ ಕೆಲಸ ಅಲ್ಲೇ ಆಯ್ತು. ನಾನು ಅದನ್ನ ಮಾಡೋಕೆ ಶುರು ಮಾಡಿದ್ದು ನೌಕರಿಗೆ ಸೇರಿ ಹನ್ನೊಂದು ವರ್ಷ ಆದ್ಮೇಲೆ. ಅಲ್ಲೀವರೆಗೂ 'ಎಲ್ರೂ ಅರ್ಥ ಆಯ್ತಾ' ಅಂತ ಕೇಳ್ತಿದ್ದೆ, 'ಆಯ್ತು ಸಾರ್' ಅಂತಿದ್ರು, ಮುಂದಿನ ಪಾಠಕ್ಕೆ ಹೋಗ್ತಿದ್ದೆ. ಆ ಹನ್ನೊಂದು ವರ್ಷದ ಮಕ್ಕಳ ನೆನಪು ಈಗಲೂ ಬರ್ತದೆ.

ನೀವು ಸಿಲಬಸ್ ಬಿಡಬೇಕಾಗಿಲ್ಲ. ದಿನಕ್ಕೆ ಒಂದು ಗಂಟೆ, ಬೆಳಗಿನ ಮೊದಲನೇ ಪೀರಿಯಡ್ಡು, ಓದಿಗೆ ಅಂತ ಎತ್ತಿಡಿ. ಆ ಗಂಟೇಲಿ ಪಠ್ಯಪುಸ್ತಕ ತೆಗೀಬೇಡಿ.

ನಾಲ್ಕು ಗುಂಪು ಮಾಡಿದೀರಿ. ಅಕ್ಷರ ಬಾರದ 6 ಮಕ್ಕಳ ಹತ್ರ ನೀವೇ ಕೂರಿ. ಮಿಕ್ಕವರಿಗೆ ಅವರ ಮಟ್ಟದ ಕೆಲಸ ಕೊಡಿ. ಕಾಗುಣಿತ ಬಾರದವರಿಗೆ ನಾನು ಬಸ್ಸಿನ ಬೋರ್ಡು ಹಿಡೀತಿದ್ದೆ. ಮಂಡ್ಯ ಮಕ್ಕಳಿಗೆ ಬಸ್‌ಸ್ಟ್ಯಾಂಡ್ ಗೊತ್ತಲ್ಲ. ಹಲಗೂರು ಅಂತ ಬರೆದ್ರೆ ಗೂ, ರು ಸಿಗ್ತದೆ. ಮದ್ದೂರು ಅಂದ್ರೆ ಒತ್ತಕ್ಷರ ಬಂತು. ನಾಗಮಂಗಲದಲ್ಲಿ ಸೊನ್ನೆ. ಶ್ರೀರಂಗಪಟ್ಟಣ ಓದ್ದೋನು ಗೆದ್ದ ಹಾಗೆ. ಹಳೇ ಕ್ಯಾಲೆಂಡರ್ ಹಿಂದೆ ದಪ್ಪ ಅಕ್ಷರದಲ್ಲಿ ಬರೆದು, ಮಕ್ಕಳ ಕೊರಳಿಗೆ ನೇತು ಹಾಕಿ, ಅವರೇ ಬಸ್ಸು. ಕಂಡಕ್ಟರ್ ಓದಿ ಕೂಗಿದ್ರೆ ಮಾತ್ರ ಬಸ್ ಹೊರಡ್ತದೆ.

ಐದನೇ_ಕ್ಲಾಸ್_ಟೀಚರ್ (ಮಂಡ್ಯ)

ಸರ್, ಬಸ್ ಬೋರ್ಡ್ ನಾಳೇನೇ ಮಾಡ್ತೀನಿ. ನಮ್ಮ ಕ್ಲಾಸಲ್ಲಿ ಇಬ್ಬರ ಅಮ್ಮಂದಿರು ಬಸ್‌ಸ್ಟ್ಯಾಂಡ್‌ನಲ್ಲಿ ಹೂವು, ಸೌತೆಕಾಯಿ ಮಾರ್ತಾರೆ. ಆ ಮಕ್ಕಳಿಗೆ ಯಾವ ಪ್ಲಾಟ್‌ಫಾರ್ಮಲ್ಲಿ ಯಾವ ಊರಿನ ಬಸ್ ನಿಲ್ತದೆ ಅಂತ ಬಾಯಲ್ಲೇ ಇದೆ.

ಅಂಕಿಅಂಶ

ಹಳೇಮೇಷ್ಟ್ರು ಹೇಳಿದ್ದು ಅನುಭವದ ಮಾತು, ಆದ್ರೆ ಅದಕ್ಕೆ ದೊಡ್ಡ ಪ್ರಯೋಗಗಳ ಆಧಾರಾನೂ ಇದೆ. 'ಪ್ರಥಮ್' ಅನ್ನೋ ಸ್ವಯಂಸೇವಾ ಸಂಸ್ಥೆ ಮುಂಬೈ, ವಡೋದರಾದಲ್ಲಿ 'ಬಾಲಸಖಿ' ಅಂತ ಮಾಡ್ತು. ಅದೇ ಬಡಾವಣೆಯ ಹೆಣ್ಣುಮಕ್ಕಳು ಹಿಂದುಳಿದ ಮಕ್ಕಳನ್ನ ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸ್ಕೊಂಡು ಬುನಾದಿ ಕಲಿಸಿದ್ರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಅದನ್ನ ಅಳೆದು ನೋಡಿದ್ರು, ಮಕ್ಕಳ ಕಲಿಕೆ ಚೆನ್ನಾಗೇ ಏರಿತ್ತು. ಅವರಿಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆ 2019ರಲ್ಲಿ ನೊಬೆಲ್ ಬಂತಲ್ಲ, ಬಡತನ ನಿವಾರಣೆಗೆ ಇಂಥ ಪ್ರಯೋಗದ ದಾರಿ ಹಿಡಿದಿದ್ದಕ್ಕೇ ಬಂದಿದ್ದು.

ಮುಖ್ಯವಾದ ಮಾತು ಮುಂದಿದೆ. ಇದನ್ನೇ ಸರ್ಕಾರಿ ಶಾಲೆಗಳಿಗೆ ತಂದಾಗ ಎಲ್ಲ ಕಡೆ ಫಲ ಕೊಡ್ಲಿಲ್ಲ. ಬಿಹಾರ, ಉತ್ತರಾಖಂಡದಲ್ಲಿ ಶಿಕ್ಷಕರಿಗೆ ತರಬೇತಿ, ಪುಸ್ತಕ ಕೊಟ್ಟು ಬಿಟ್ರು, ಅಷ್ಟರಿಂದ ಏನೂ ಬದಲಾಗ್ಲಿಲ್ಲ. ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆ ಇದಕ್ಕೇ ಅಂತ ವೇಳಾಪಟ್ಟೀಲಿ ಹಾಕಿ, ತರಗತಿ ಲೆಕ್ಕ ಬಿಟ್ಟು ಮಟ್ಟದ ಪ್ರಕಾರ ಮಕ್ಕಳನ್ನ ಕೂರಿಸಿದ್ರು. ಅಲ್ಲಿ ಓದು ಸುಧಾರಿಸ್ತು. ಅಂದ್ರೆ ಆ ಒಂದು ಗಂಟೆ ವೇಳಾಪಟ್ಟಿಯಲ್ಲಿ ಬರಹದಲ್ಲಿರಬೇಕು. ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಗೋಡೆಗೆ ಅಂಟಿಸಿ ಮೇಡಂ.

ಇನ್ನೊಂದು ವಿಷಯ, ಇದು ನಿಮ್ಮ ಶಾಲೆ ಒಂದರ ಕಥೆ ಅಲ್ಲ. ಅಸರ್ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು 2018ರಲ್ಲಿ ಶೇ 50.5 ಇದ್ರು, 2022ರಲ್ಲಿ ಶೇ 42.8ಕ್ಕೆ ಇಳಿದ್ರು. ನಡುವೆ ಕೊರೊನಾ. ಶಾಲೆ ಬಾಗಿಲು ಮುಚ್ಚಿದಾಗ ಅಕ್ಷರ ಕಲಿಯೋ ವಯಸ್ಸಲ್ಲಿದ್ದವರ ಪಾಡು ಯೋಚನೆ ಮಾಡಿ.

ಚಾಮುಂಡಿಬೆಟ್ಟದಡಿ

ಅಸರ್ ಅಂದ್ರೆ ಸರ್ಕಾರಿ ಶಾಲೆ ಸರ್ವೆ ತಾನೇ? ಅದನ್ನೇ ನಾನೂ ಹೇಳಿದ್ದು.

ಅಂಕಿಅಂಶ

ಅಲ್ಲ ಸರ್. ಅದು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡೋ ಸಮೀಕ್ಷೆ. ಖಾಸಗಿ ಶಾಲೆಗೆ ಹೋಗೋ ಮಕ್ಕಳೂ ಅದರಲ್ಲಿ ಇರ್ತಾರೆ. ಸರ್ಕಾರಿ ಶಾಲೆಯವರಿಗಿಂತ ಅವರ ಅಂಕಿ ಮೇಲಿರ್ತದೆ ನಿಜ, ಆದ್ರೆ ಅಲ್ಲೂ ಓದೋಕೆ ಬಾರದ ಮಕ್ಕಳು ಬೇಕಾದಷ್ಟು ಇದಾರೆ. ಮನೇಲಿ ಓದಿದವರು ಇದಾರಾ, ಟ್ಯೂಷನ್‌ಗೆ ದುಡ್ಡಿದೆಯಾ ಅನ್ನೋದೂ ಆ ಅಂತರದೊಳಗೆ ಸೇರ್ಕೊಂಡಿರ್ತದೆ.

ಮಹದೇಶ್ವರನ_ಒಕ್ಕಲು

ಎಲ್ಲದಕ್ಕೂ ಕಾರಣ ಒಂದರಿಂದ ಮೂರನೇ ಕ್ಲಾಸಿಗೆ ತಂದಿರೋ ಈ ನಲಿ ಕಲಿ ಪದ್ಧತಿ. ಪುಸ್ತಕ ಇಲ್ಲ, ಕಾಪಿ ಇಲ್ಲ, ಮಗ್ಗಿ ಇಲ್ಲ. ಕಾರ್ಡ್ ಹಿಡ್ಕೊಂಡು ಹಾಡು ಹೇಳ್ಕೊಂಡು ಕುಣಿಯೋದು. ನಮ್ಮ ಕಾಲದಲ್ಲಿ ಅಆಇಈ ಸ್ಲೇಟಲ್ಲಿ ತಿದ್ದಿಸಿ ತಿದ್ದಿಸಿ ಬೆರಳು ಸವೀತಿತ್ತು. ಅದಕ್ಕೇ ಓದು ಬಂತು.

ಕೋಟೆಕಡೆಯವನು

ಇದಕ್ಕೆ ಉತ್ತರ ಕೊಡ್ಲೇಬೇಕು. ನಲಿ ಕಲಿ ಎಲ್ಲೋ ದಿಲ್ಲಿಯಿಂದ ಬಂದದ್ದಲ್ಲ, ನಮ್ಮ ಹೆಗ್ಗಡದೇವನಕೋಟೆಯಲ್ಲೇ ಹುಟ್ಟಿದ್ದು. 1995ರಲ್ಲಿ ಕೋಟೆ ತಾಲ್ಲೂಕಿನ ಮೇಷ್ಟ್ರುಗಳೇ ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡ್ಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ಶುರು ಮಾಡಿದ್ರು. ಹಾಡಿ (ಆದಿವಾಸಿಗಳ ಊರು) ಮಕ್ಕಳು ಜೇನಿಗೆ, ಕಾಡಿನ ಕೆಲಸಕ್ಕೆ, ಕೊಡಗಿನ ಕಾಫಿ ತೋಟಕ್ಕೆ ಅಂತ ಹೋಗಿ ತಿಂಗಳುಗಟ್ಟಲೆ ಬರ್ತಿರ್ಲಿಲ್ಲ. ವಾಪಸ್ ಬಂದ್ರೆ ಕ್ಲಾಸು ಎಲ್ಲೋ ಹೋಗಿರ್ತಿತ್ತು. ಪಾಠಾನ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರೋ ಏಣಿ ಪದ್ಧತೀಲಿ ಮಗು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಬಡ ಮಕ್ಕಳಿಗಾಗೇ ಯೋಚಿಸಿ ಮಾಡಿದ್ದು ಅದು.

ಅಆಇಈ ಕ್ರಮ ಬಿಟ್ಟಿದ್ದಕ್ಕೂ ಕಾರಣ ಇದೆ. ಮೊದಲನೇ ಮೆಟ್ಟಿಲಲ್ಲಿ ರ, ಗ, ಸ, ದ, ಅ ಕಲಿಸ್ತೀವಿ. ಐದೇ ಅಕ್ಷರ. ಅಷ್ಟರಲ್ಲೇ ಮಗು ಸರ, ಅಗಸ, ಅರಸ, ಗರಗಸ ಅಂತ ಓದ್ಬಿಡ್ತದೆ. 49 ಅಕ್ಷರ ಮುಗಿಯೋವರೆಗೂ ಒಂದು ಪದಾನೂ ಓದದೆ ಕಾಯೋ ಹಾಗಿಲ್ಲ. ಹಾಡಿ ಹುಡುಗಿಯೊಬ್ಬಳು ಮೊದಲನೇ ಸಲ 'ಗರಗಸ' ಓದಿ, ಓಡಿ ಹೋಗಿ ಅವರಪ್ಪನ ಗರಗಸಾನೇ ಶಾಲೆಗೆ ತಂದು ತೋರಿಸಿದ್ಲು ನನಗೆ.

ತಪ್ಪು ಎಲ್ಲಾಯ್ತು ಅಂದ್ರೆ, 2009-10ರಲ್ಲಿ ರಾಜ್ಯದ ತುಂಬಾ ಒಂದೇ ಸಲ ಹರಡಿದಾಗ. ಒಬ್ರೇ ಶಿಕ್ಷಕರು 40 ಮಕ್ಕಳನ್ನ ಐದು ತಟ್ಟೇಲಿ (ಅಂದ್ರೆ ಗುಂಪಲ್ಲಿ) ಕೂರಿಸಿ ನೋಡ್ಕೊಳ್ಳೋಕೆ ಆಗಲ್ಲ. ಕಾರ್ಡು ಹರಿದು ಹೋದ್ರೆ ಹೊಸದು ಬೇಗ ಬರಲ್ಲ. ಎಲ್ಲಕ್ಕಿಂತ ದೊಡ್ಡದು, ಮೂರನೇ ಕ್ಲಾಸಲ್ಲಿ ಮಗು ಏಣಿಯ ನಡುವೆ ನಿಂತಿದ್ರೂ ನಾಲ್ಕನೇ ಕ್ಲಾಸಿಗೆ ಕಳಿಸ್ತೀವಿ, ಅಲ್ಲಿ ಏಣೀನೇ ಇರಲ್ಲ. ಟೀಚರ್ ಅವರ 14 ಮಕ್ಕಳು ಅಲ್ಲೇ ಕೆಳಗೆ ಬಿದ್ದವರು.

ಮಹದೇಶ್ವರನ_ಒಕ್ಕಲು

ಕೋಟೆಯಲ್ಲಿ ಶುರುವಾಗಿದ್ದು ಗೊತ್ತಿರ್ಲಿಲ್ಲ. ಆದ್ರೂ ತಿದ್ದಿಸೋದು ಬಿಡಬಾರದು ಅನ್ನೋ ಮಾತಲ್ಲಿ ನಾನು ಹಿಂದೆ ಸರಿಯಲ್ಲ.

ಹಳೇಮೇಷ್ಟ್ರು

ತಿದ್ದಿಸಿ. ಯಾರೂ ಬೇಡ ಅಂದಿಲ್ಲ. ಓದಿದ ಪದಾನೇ ತಿದ್ದಿಸಿ.

ನಾಲೆಏರಿ

ನಾನು ಅತಿಥಿ ಶಿಕ್ಷಕಿ, ಪಾಂಡವಪುರ ಕಡೆ. ಅಕ್ಕ, ಗುಂಪು ಮಾಡೋದು, ಏಣಿ ಹತ್ತಿಸೋದು ಎಲ್ಲ ಸರಿ. ಮಗು ಶಾಲೇಲಿ ಇದ್ರೆ ತಾನೇ? ಹಾಜರಿ ಪುಸ್ತಕ ತೆಗೆದು ಯಾರು ಯಾವ ವಾರ ಬರಲ್ಲ ಅಂತ ಒಂದ್ಸಲ ನೋಡಿ. ನಮ್ಮಲ್ಲಿ ಒಬ್ಳು ಹುಡುಗಿ ವಾರಕ್ಕೆ ಎರಡು ದಿನ ಬರ್ತಿರ್ಲಿಲ್ಲ. ಸೋಮಾರಿ ಅಂತ ರಿಜಿಸ್ಟರಲ್ಲಿ ಕೆಂಪು ಶಾಯಿ. ಮನೆಗೆ ಹೋಗಿ ನೋಡಿದ್ರೆ ಒಂದೂವರೆ ವರ್ಷದ ತಮ್ಮನ್ನ ಸೊಂಟದ ಮೇಲೆ ಹೊತ್ಕೊಂಡು ಅನ್ನ ಬಸೀತಿದ್ಲು. ಅಮ್ಮ ನಾಟಿ ಕೆಲಸಕ್ಕೆ ಹೋಗಿದ್ರು. ಅಂಗನವಾಡಿ ಟೀಚರ್ ಹತ್ರ ಮಾತಾಡಿದ್ವಿ. ಮಗು ಮೂರು ತುಂಬಿಲ್ಲ ಅಂದ್ರು, ಆಮೇಲೆ ಕೂರಿಸ್ಕೊಳ್ಳೋಕೆ ಒಪ್ಪಿದ್ರು. ಆ ಹುಡುಗಿ ಅವತ್ತಿಂದ ಒಂದು ದಿನ ತಪ್ಪಿಸಿಲ್ಲ. ಅವಳಿಗೆ ನಾನು ಹೊಸದಾಗಿ ಏನೂ ಪಾಠ ಮಾಡ್ಲಿಲ್ಲ, ಬಂದು ಕೂತಿದ್ದಕ್ಕೇ ಅರ್ಧ ಕಲಿತ್ಲು.

ಕಣ್ಣೂ ನೋಡಿ. ಬೋರ್ಡಲ್ಲಿ ಬರೆದದ್ದನ್ನ ಪಕ್ಕದವರ ಪುಸ್ತಕ ನೋಡಿ ಬರ್ಕೊಳ್ಳೋ ಮಕ್ಕಳು ಇದ್ರೆ ದಡ್ಡರು ಅಂದ್ಕೋಬೇಡಿ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ) ತಂಡ ಶಾಲೆಗೆ ಬಂದಾಗ ಆ ಮಕ್ಕಳನ್ನ ಮೊದಲು ನಿಲ್ಲಿಸಿ.

ಐದನೇ_ಕ್ಲಾಸ್_ಟೀಚರ್ (ಮಂಡ್ಯ)

ನಾಲೆಏರಿ ಅವರೇ, ಈ ಕಣ್ಣಿನ ಮಾತು ಓದಿ ಎದೆ ಝಲ್ ಅಂತು. ಹಾಗೆ ಪಕ್ಕದವರ ಪುಸ್ತಕ ನೋಡಿ ಬರೆಯೋ ಹುಡುಗಿ ಒಬ್ಳು ಇದಾಳೆ. ಕಾಪಿ ಹೊಡೀತಾಳೆ ಅಂತ ಮೊನ್ನೆ ಬೇರೆ ಬೆಂಚಿಗೆ ಎತ್ತಿ ಕೂರಿಸ್ದೆ.

ಮೊಹಲ್ಲಾ_ಅಮ್ಮಿ (ಮೈಸೂರು)

ನಮಸ್ಕಾರ. ನಾನು ಹೇಳ್ತಿದೀನಿ, ನನ್ನ ದೊಡ್ಡ ಮಗಳು ಟೈಪ್ ಮಾಡ್ತಿದಾಳೆ. ನನಗೆ ಓದೋಕೆ ಬರಲ್ಲ. ಮನೇಲಿ ಊದಿನಕಡ್ಡಿ ಹೊಸೀತೀನಿ. ಮನೇಲಿ ನಾವು ಉರ್ದು ಮಾತಾಡೋದು, ಮಕ್ಕಳನ್ನ ಕನ್ನಡ ಶಾಲೆಗೆ ಹಾಕಿದೀವಿ.

ಅಪ್ಪ ಅಮ್ಮಂಗೆ ಆಸಕ್ತಿ ಇಲ್ಲ ಅಂತ ಒಬ್ರು ಬರೆದಿದಾರಂತೆ. ಅಣ್ಣಾ, ಮಗು ಓದ್ತಾ ಇದೆಯೋ ಇಲ್ವೋ ನನಗೆ ಹೆಂಗೆ ಗೊತ್ತಾಗ್ಬೇಕು? ಪುಸ್ತಕ ಹಿಡ್ಕೊಂಡು ಕೂತಿದ್ರೆ ಓದ್ತಿದೆ ಅಂದ್ಕೋತೀವಿ. ಮಾರ್ಕ್ಸ್ ಕಾರ್ಡಲ್ಲಿ ಬಿ ಪ್ಲಸ್ ಅಂತ ಇತ್ತು, ಒಳ್ಳೇದು ಅಂದ್ರು, ಹೆಬ್ಬೆಟ್ಟು ಒತ್ತಿ ಬಂದೆ. ಚಿಕ್ಕವಳಿಗೆ ಓದೋಕೆ ಬರಲ್ಲ ಅಂತ ಹೇಳಿದ್ದು ನಾಲ್ಕನೇ ಕ್ಲಾಸಿನ ಮಿಸ್ಸು. ಬೈಲಿಲ್ಲ. ನನ್ನ ಕೂರಿಸಿ, ಮಗಳ ಹತ್ರ ಓದಿಸಿ ತೋರಿಸಿದ್ರು. 'ಅಮ್ಮ, ನಿಮಗೆ ಓದೋಕೆ ಬರದಿದ್ರೂ ಪರವಾಗಿಲ್ಲ, ರಾತ್ರಿ ಇವಳು ಒಂದು ಪುಟ ನಿಮಗೆ ಓದಿ ಹೇಳ್ಬೇಕು, ನೀವು ಕೇಳ್ಬೇಕು' ಅಂದ್ರು.

ನಾನು ಕಡ್ಡಿ ಹೊಸೀತಾ ಕೇಳ್ತೀನಿ. ಒಂದು ಪುಟ ಆದ್ರೆ ಡಬ್ಬಿಗೆ ಒಂದು ಹುಣಸೆಬೀಜ ಹಾಕ್ತೀನಿ. ಡಬ್ಬಿ ತುಂಬಿದಾಗ ಬಿರಿಯಾನಿ ಮಾಡಿದೆ. ಓದುವಾಗ ಅವಳು ತಡವರಿಸಿದ್ರೆ ನನಗೆ ಗೊತ್ತಾಗ್ತದೆ, ಕನ್ನಡ ಅಕ್ಷರ ಗೊತ್ತಿಲ್ಲ, ಕಿವಿಗೆ ಗೊತ್ತಾಗ್ತದೆ. ಟೀಚರ್, ನಿಮ್ಮ ಮಕ್ಕಳ ಅಮ್ಮಂದಿರನ್ನೂ ಹಿಂಗೇ ಕರೀರಿ. ಹತ್ತು ಜನರ ಮುಂದೆ ಬೇಡ, ಒಬ್ಬೊಬ್ಬರನ್ನೇ ಕರೀರಿ.

ಕಬ್ಬಿನಗದ್ದೆ

ಅಕ್ಕ, ಕೈ ಮುಗುದೆ.

ಚಾಮುಂಡಿಬೆಟ್ಟದಡಿ

ನಾನು ಬರೆದದ್ದು ತಪ್ಪಾಯ್ತು ಅಮ್ಮ. ಮನಸ್ಸಿಗೆ ತಗೋಬೇಡಿ.

ಆದ್ರೆ ಮೇಷ್ಟ್ರುಗಳ ವಿಷಯದಲ್ಲಿ ನನ್ನ ಪ್ರಶ್ನೆ ಹಾಗೇ ಇದೆ. ನಾಲ್ಕು ವರ್ಷ ಯಾರೂ ಯಾಕೆ ಗಮನಿಸ್ಲಿಲ್ಲ?

ಕೋಟೆಕಡೆಯವನು

ನ್ಯಾಯವಾದ ಪ್ರಶ್ನೆ. ಗಮನಿಸದೇ ಇರೋ ಮೇಷ್ಟ್ರು ಇದಾರೆ, ಇಲ್ಲ ಅನ್ನಲ್ಲ. ಜೊತೆಗೆ ಲೆಕ್ಕಾನೂ ನೋಡಿ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ ಕಿರಿಯ ಪ್ರಾಥಮಿಕ ಶಾಲೇಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 30ಕ್ಕೆ ಒಬ್ಬರು ಅಂದ್ರೆ ಚೆನ್ನಾಗೇ ಕಾಣ್ತದೆ. ಆದ್ರೆ ಐದು ತರಗತಿ, ಇಬ್ಬರೇ ಜನ. ಒಬ್ಬರು ನಲಿ ಕಲಿ ಮೂರು ತರಗತಿ, ಇನ್ನೊಬ್ಬರು ನಾಲ್ಕು, ಐದು. ಅದರಲ್ಲಿ ಒಬ್ಬರು ಮುಖ್ಯ ಶಿಕ್ಷಕರು: ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಸ್ಯಾಟ್ಸ್ (ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಮೀಟಿಂಗ್. ಆ ದಿನ ಐದೂ ತರಗತಿಗೆ ಉಳಿಯೋದು ಒಬ್ಬರೇ.

ಸಿಟಿಬಸ್_61

ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ ಬೇರೆ. ಆರ್‌ಟಿಇ ಪ್ರಕಾರ ಮೇಷ್ಟ್ರಿಗೆ ಬೇರೆ ಕೆಲಸ ಕೊಡೋ ಹಾಗೇ ಇಲ್ಲ ಅಲ್ವಾ?

ಅಂಕಿಅಂಶ

27ನೇ ಕಲಂನಲ್ಲಿ ಮೂರಕ್ಕೆ ವಿನಾಯಿತಿ ಇದೆ: ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಆ ಚುನಾವಣೆ ಅನ್ನೋ ಬಾಗಿಲಲ್ಲೇ ಮತದಾರರ ಪಟ್ಟಿ ಕೆಲಸವೂ ಬರೋದು.

ಮೇಲುಕೋಟೆ_ಪುಳಿಯೋಗರೆ

ಇಂಗ್ಲಿಷ್ ಮೀಡಿಯಂ ಮಾಡಿದ್ರೆ ಮಕ್ಕಳು ತಾನಾಗೇ ಬರ್ತಾರೆ, ಮಕ್ಕಳು ಬಂದ್ರೆ ಮೇಷ್ಟ್ರೂ ಬರ್ತಾರೆ. 2019ರಲ್ಲಿ 1,000 ಸರ್ಕಾರಿ ಶಾಲೇಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದಾಗ ಸೀಟಿಗೆ ಕ್ಯೂ ನಿಂತಿರ್ಲಿಲ್ವಾ?

ಮಹದೇಶ್ವರನ_ಒಕ್ಕಲು

ಕನ್ನಡದಲ್ಲಿ 'ಬಸವ' ಓದೋಕೆ ಬಾರದ ಮಗೂಗೆ ಇಂಗ್ಲಿಷ್ ಮೀಡಿಯಂ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಮೇಲುಕೋಟೆ_ಪುಳಿಯೋಗರೆ

ಕೂಲಿಯವರ ಮಕ್ಕಳಿಗೆ ಮಾತ್ರ ಕನ್ನಡ ಉಳಿಸೋ ಹೊಣೆ ಯಾಕೆ? ನಿಮ್ಮ ಮಕ್ಕಳು ಎಲ್ಲಿ ಓದಿದ್ದು?

ಮಹದೇಶ್ವರನ_ಒಕ್ಕಲು

ನನ್ನ ಇಬ್ಬರು ಮಕ್ಕಳೂ ಏಳನೇ ಕ್ಲಾಸಿನ ತನಕ ಊರ ಕನ್ನಡ ಶಾಲೇಲೇ ಓದಿದ್ದು. ಹೆಮ್ಮೆಯಿಂದ ಹೇಳ್ತೀನಿ.

ಹಳೇಮೇಷ್ಟ್ರು

ಇಬ್ರೂ ಸ್ವಲ್ಪ ತಡೀರಪ್ಪ. ಇಂಗ್ಲಿಷ್ ಆಸೆ ತಪ್ಪಲ್ಲ, ಕಲಿಸ್ಬೇಕು. ಆದ್ರೆ ಮಗು ಮೊದಲು ಓದೋದು ಅಂದ್ರೇನು ಅಂತ ತಾನು ಆಡೋ ಭಾಷೇಲಿ ಕಂಡ್ಕೊಂಡ್ರೆ ಎರಡನೇ ಲಿಪಿ ಅರ್ಧ ಹೊತ್ತಿನ ಕೆಲಸ. ಮೊಹಲ್ಲಾ ಅಮ್ಮನ ಮಗಳಂಥ ಮಕ್ಕಳಿಗೆ ಕನ್ನಡವೇ ಎರಡನೇ ಭಾಷೆ, ಅವರಿಗೆ ಓದೋಕೆ ಮುಂಚೆ ಮಾತಾಡಿಸ್ಬೇಕು, ಕಥೆ ಹೇಳ್ಬೇಕು. ಟೀಚರಮ್ಮ ಕೇಳಿದ ಪ್ರಶ್ನೆಗೆ ಬನ್ನಿ.

ತರಕಾರಿಮಂಡಿ

ಬರೀ ಓದೇ ಆಯ್ತು. ಲೆಕ್ಕ? ನಾನು ಮಂಡೀಲಿ ದಿನಾ ನೋಡ್ತೀನಿ, ಹತ್ತು ವರ್ಷದ ಹುಡುಗ ಕಾಲು ಕೆ.ಜಿ. ಮೆಣಸಿನಕಾಯಿ, ಅರ್ಧ ಕೆ.ಜಿ. ಬೀನ್ಸು ತೂಗಿ, ಐನೂರರ ನೋಟಿಗೆ ಚಿಲ್ಲರೆ ಬಾಯಲ್ಲೇ ಲೆಕ್ಕ ಹಾಕಿ ಕೊಡ್ತಾನೆ. ಶಾಲೇಲಿ ಕಳೆಯೋ ಲೆಕ್ಕ ಬರಲ್ಲ ಅಂತ ಮೇಷ್ಟ್ರು ಹೇಳ್ತಾರೆ.

ಅಂಕಿಅಂಶ

ನೀವು ಮಂಡೀಲಿ ನೋಡಿದ್ದನ್ನೇ ಕೋಲ್ಕತ್ತಾ, ದೆಹಲಿ ಮಾರ್ಕೆಟ್ಟಿನ ಮಕ್ಕಳ ಮೇಲೆ ಅಧ್ಯಯನ ಮಾಡಿ 2025ರಲ್ಲಿ ಪ್ರಕಟಿಸಿದಾರೆ. ಬ್ಯಾನರ್ಜಿ, ಡಫ್ಲೋ ಅದರಲ್ಲೂ ಇದ್ರು. ವ್ಯಾಪಾರದ ಲೆಕ್ಕ ಚಕಚಕ ಅಂತ ಮಾಡೋ ಮಕ್ಕಳು ಅದೇ ಲೆಕ್ಕಾನ ಶಾಲೆ ರೀತೀಲಿ ಬರೆದು ಕೊಟ್ರೆ ತಪ್ಪಿದ್ರು. ಮಾರ್ಕೆಟ್ಟಲ್ಲಿ ಕೆಲಸ ಮಾಡದ, ಬರೀ ಶಾಲೆಗೆ ಹೋಗೋ ಮಕ್ಕಳು ಶಾಲೆ ಲೆಕ್ಕ ಮಾಡಿದ್ರು, ಅಂಗಡಿ ಲೆಕ್ಕದಲ್ಲಿ ಸೋತ್ರು. ಎರಡಕ್ಕೂ ಸೇತುವೆ ಕಟ್ಟೋರು ಮೇಷ್ಟ್ರೇ ಆಗ್ಬೇಕು.

ಐದನೇ_ಕ್ಲಾಸ್_ಟೀಚರ್ (ಮಂಡ್ಯ)

ತರಕಾರಿಮಂಡಿ ಅವರೇ, ಇದನ್ನ ಮಾಡಿ ನೋಡ್ದೆ ಇವತ್ತು. ತಳ್ಳುಗಾಡಿಯವರ ಮಗನಿಗೆ 100ರಲ್ಲಿ 37 ಕಳೆ ಅಂದೆ. ಸೊನ್ನೆಯಿಂದ ಏಳು ಹೋಗಲ್ಲ ಅಂತ ಏಳನ್ನೇ ಇಳಿಸಿ, ಮೂರನ್ನೂ ಇಳಿಸಿ 137 ಬರೆದ. '37 ರೂಪಾಯಿ ಟೊಮೆಟೊ, ನೂರರ ನೋಟು ಕೊಟ್ರೆ?' ಅಂದೆ. '63 ಮಿಸ್' ಅಂದ, ತಲೇನೂ ಎತ್ಲಿಲ್ಲ. ಹೇಗೆ ಮಾಡಿದೆ ಅಂದ್ರೆ, '37ಕ್ಕೆ ಮೂರು ಹಾಕಿದ್ರೆ 40, ಇನ್ನು ಅರವತ್ತು'. ಅದನ್ನೇ ಬೋರ್ಡ್ ಮೇಲೆ ಅವನ ಕೈಲೇ ಬರೆಸ್ದೆ. ನಾಳೆ ಅವನೇ ಎಲ್ರಿಗೂ ಹೇಳಿಕೊಡ್ತಾನೆ.

ರಾಗಿಮುದ್ದೆ_ಸೊಪ್ಪುಸಾರು

ಟೀ ಕುಡ್ಕೊಂಡು ಬರ್ತಾರೆ ಅಂದ್ರಲ್ಲ, ಅದರ ಬಗ್ಗೆ ಯಾರೂ ಮಾತಾಡ್ಲಿಲ್ಲ. ನಾನು ಬಿಸಿಯೂಟದ ಅಡುಗೆಯವಳು. ನಮ್ಮ ಕಡೆ ಅಕ್ಷರ ದಾಸೋಹ ಬಂದಿದ್ದು 2003ರಲ್ಲಿ, ಹಾಲು 2013ರಿಂದ, ಈಗ ರಾಗಿ ಮಾಲ್ಟ್ ಸೇರಿದೆ. ಮೊಟ್ಟೆ ಮೊದಲು ವಾರಕ್ಕೆ ಎರಡು ದಿನ ಇತ್ತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿಂದ ಆರು ದಿನ ಆಯ್ತು. ಹಾಲನ್ನ ಪ್ರಾರ್ಥನೆಗೆ ಮುಂಚೇನೇ ಕೊಟ್ರೆ ಪ್ರಾರ್ಥನೇಲಿ ತಲೆ ತಿರುಗಿ ಬೀಳೋರು ಇರಲ್ಲ. ನಮ್ಮಲ್ಲಿ ಅಡುಗೆಯವರಿಗೆ ಬೇಗ ಬರೋಕೆ ಕಷ್ಟ ಅಂತ ಹಾಲು ತಡವಾಗಿ ಕೊಡ್ತಿದ್ರು. ನಾನು ಅರ್ಧ ಗಂಟೆ ಮುಂಚೆ ಬರೋಕೆ ಶುರು ಮಾಡ್ದೆ. ನಿಮ್ಮ ಓದಿನ ಗಂಟೆ ಬೆಳಗಿನ ಹೊತ್ತು ಇದ್ರೆ ಮಗು ಹೊಟ್ಟೇಲಿ ಆಗ ಏನಾದ್ರೂ ಇರ್ಲಿ ಮೇಡಂ.

ಅರಿವುಕೇಂದ್ರ_ಅಕ್ಕ

ಮದ್ದೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡ್ಕೋತೀನಿ. 'ಓದುವ ಬೆಳಕು' ಕಾರ್ಯಕ್ರಮದಡಿ 2020ರಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಮನೇಲಿ ಒಂದೇ ಒಂದು ಪುಸ್ತಕ ಇಲ್ಲದ ಮಕ್ಕಳು ಓದು ಕಲಿತ್ರೂ ರಜೇಲಿ ಮರೆತುಬಿಡ್ತಾರೆ. ದಸರಾ ರಜೆ ಮುಗಿದ್ಮೇಲೆ ನೋಡಿ, ಒತ್ತಕ್ಷರ ಎಲ್ಲ ಹಾರಿಹೋಗಿರ್ತದೆ. ಒಂದು ವಿನಂತಿ: ದಪ್ಪ ಪುಸ್ತಕ ಕೊಡಬೇಡಿ. ಪುಟಕ್ಕೆ ಎರಡು ಸಾಲು, ದೊಡ್ಡ ಚಿತ್ರ ಇರೋವು ಕೊಡಿ. ಒಂದು ಪುಸ್ತಕ ಪೂರ್ತಿ ಮುಗಿಸಿದೆ ಅಂತ ಮಗು ಹೇಳ್ಕೋಬೇಕು. ಪುಸ್ತಕ ಹರಿದ್ರೆ ಬೈಯಬೇಡಿ, ಬೀರು ಬೀಗ ಮಾತ್ರ ಹಾಕ್ಬೇಡಿ.

ನಾಲೆಏರಿ

ಬೀಗದ ಮಾತು ನಿಜ. ನಾನು ಮುಂಚೆ ಇದ್ದ ಶಾಲೇಲಿ 300 ಪುಸ್ತಕ ಇದ್ವು, ಕವರ್ ಕೂಡ ಬಿಚ್ಚಿರ್ಲಿಲ್ಲ. ಲೆಕ್ಕ ತಪ್ಪಿದ್ರೆ ಯಾರು ಕೊಡ್ತಾರೆ ಅನ್ನೋ ಹೆದರಿಕೆ.

ವಿದ್ಯಾರಣ್ಯಪುರಂ_ಪದವಿ

ಚೆನ್ನಾಗಿ ಓದೋ 11 ಮಕ್ಕಳನ್ನ ಉಳಿದವರಿಗೆ ಟೀಚರ್ ಮಾಡ್ಬಿಡಿ, ಕೆಲಸ ಸುಲಭ ಆಗ್ತದೆ.

ಹಳೇಮೇಷ್ಟ್ರು

ಇಲ್ಲಿ ನನಗೆ ಒಪ್ಪಿಗೆ ಇಲ್ಲ. ಒಂದೆರಡು ದಿನ ಸರಿ. ವರ್ಷಪೂರ್ತಿ ಆ 11 ಮಕ್ಕಳು ಬೇರೆಯವರಿಗೆ ಅಕ್ಷರ ಹೇಳ್ಕೊಡ್ತಾ ಕೂತ್ರೆ ಅವರು ಮುಂದಕ್ಕೆ ಹೋಗೋದು ಯಾವಾಗ? ಅವರೂ ಬಡವರ ಮಕ್ಕಳೇ. ನವೋದಯ, ಮೊರಾರ್ಜಿ ವಸತಿ ಶಾಲೆ ಪ್ರವೇಶ ಪರೀಕ್ಷೆ ಬರೆಯೋ ವಯಸ್ಸು ಇದು. ಓದಿನ ಗಂಟೇಲಿ ಅವರಿಗೆ ಕಥೆ ಪುಸ್ತಕ, ಪೇಪರು ಕೊಡಿ, ಓದಿದ್ದನ್ನ ತಮ್ಮ ಮಾತಲ್ಲಿ ಬರೀಲಿ. ನಾನು ಒಬ್ಬ ಜಾಣ ಹುಡುಗನ್ನ ಹಾಗೆ ಮಾನಿಟರ್ ಮಾಡಿ ಮಾಡಿ, ಅವನ ವರ್ಷಾನೇ ನುಂಗಿದೆ.

ಐದನೇ_ಕ್ಲಾಸ್_ಟೀಚರ್ (ಮಂಡ್ಯ)

ಏಳು ವಾರ ಆದ್ಮೇಲೆ ಬರೀತಿದೀನಿ.

ಮುಖ್ಯ ಶಿಕ್ಷಕರು ಮೊದಲನೇ ಪೀರಿಯಡ್ ಓದಿಗೆ ಅಂತ ಬರೆದು ಸಹಿ ಹಾಕಿ ಕೊಟ್ರು. ನಾಲ್ಕನೇ ಕ್ಲಾಸಿನ ಮೇಡಮ್ಮೂ ಸೇರ್ಕೊಂಡ್ರು. ಎರಡೂ ಕ್ಲಾಸಿನ ಮಕ್ಕಳನ್ನ ಬೆರೆಸಿ ಮಟ್ಟದ ಪ್ರಕಾರ ಕೂರಿಸ್ತೀವಿ. ಐದನೇ ಕ್ಲಾಸಿನ ಇಬ್ಬರು ದೊಡ್ಡ ಹುಡುಗರಿಗೆ ಚಿಕ್ಕವರ ಜೊತೆ ಕೂರೋಕೆ ನಾಚಿಕೆ ಆಯ್ತು, ಒಂದು ವಾರ ತಲೆ ತಗ್ಗಿಸ್ಕೊಂಡೇ ಇದ್ರು. ಅವರನ್ನ ಬಸ್ ಕಂಡಕ್ಟರ್ ಮಾಡಿದ್ಮೇಲೆ ಸರಿಹೋದ್ರು.

ಅಕ್ಷರ ಬಾರದ 6ರಲ್ಲಿ 4 ಮಕ್ಕಳು ಈಗ ಕಾಗುಣಿತ ಇಲ್ಲದ ಪದಗಳನ್ನ ಓದ್ತಾರೆ. ಕಾಗುಣಿತದ 8ರಲ್ಲಿ ಐವರು ಸಣ್ಣ ವಾಕ್ಯಕ್ಕೆ ಬಂದಿದಾರೆ. ಒತ್ತಕ್ಷರ ಬಂದ್ರೆ ಇನ್ನೂ ನಿಲ್ತಾರೆ. ಮೂರು ಜನ ಇದ್ದಲ್ಲೇ ಇದಾರೆ, ಅವರಿಗೆ ಬೇರೆ ಏನೋ ತೊಂದರೆ ಇರಬೇಕು ಅನ್ನಿಸ್ತಿದೆ. ಮಾತಾಡೋಕೆ ಜಾಣರು, ಅಕ್ಷರ ಮಾತ್ರ ದಿನಾ ಹೊಸದು. ಬಿಆರ್‌ಸಿಯ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರನ್ನ ಕರೆಸಿ ತೋರಿಸ್ಬೇಕು ಅಂತಿದೀನಿ.

ಬೇರೆ ಬೆಂಚಿಗೆ ಎತ್ತಿ ಕೂರಿಸಿದ್ದ ಹುಡುಗಿಗೆ ಕನ್ನಡಕ ಬಂತು. ಹಾಕ್ಕೊಂಡ ದಿನ ಬೋರ್ಡ್ ನೋಡ್ಲಿಲ್ಲ, ಕಿಟಕಿ ಆಚೆ ಹೊಂಗೆ ಮರ ನೋಡ್ತಾ ಕೂತಿದ್ಲು. ನಾನು ಏನೂ ಹೇಳ್ಲಿಲ್ಲ, ನೋಡ್ಲಿ ಅಂತ ಬಿಟ್ಟೆ.

ತಾಯಂದಿರನ್ನ ಒಬ್ಬೊಬ್ಬರನ್ನೇ ಸಂಜೆ 6ರ ಮೇಲೆ ಮನೆ ಹತ್ರಾನೇ ಹೋಗಿ ಮಾತಾಡಿಸ್ದೆ. 14ರಲ್ಲಿ 12 ಮನೆ ಆಯ್ತು. ಹುಣಸೆಬೀಜದ ಡಬ್ಬಿ ಒಂಬತ್ತು ಮನೇಲಿ ಇದೆ. ಮೊಹಲ್ಲಾ ಅಮ್ಮಂಗೆ ನನ್ನ ನಮಸ್ಕಾರ.

ಒಂದು ಬೇಜಾರು. 'ಬಸ್ಸು' ಅಂತ ಓದಿದ್ನಲ್ಲ, ಆ ಹುಡುಗ ಎರಡು ವಾರದಿಂದ ಬರ್ತಿಲ್ಲ. ಅವರಪ್ಪ ಅಮ್ಮ ಆಲೆಮನೆ ಕೆಲಸ ಬಿಟ್ಟು ಬೇರೆ ಕಡೆ ಹೋದ್ರಂತೆ. ಕೊನೇ ದಿನ 'ಮದ್ದೂರು' ಓದಿದ್ದ. ಟಿಸಿ ಕೂಡ ತಗೊಂಡಿಲ್ಲ. ಮೈಸೂರು ಕಡೆ, ಟಿ. ನರಸೀಪುರದ ಹತ್ರ ಇಟ್ಟಿಗೆ ಗೂಡಿಗೆ ಹೋಗಿದಾರೆ ಅಂತ ಪಕ್ಕದ ಮನೆಯವರು ಹೇಳಿದ್ರು.

ಕೋಟೆಕಡೆಯವನು

ಟಿಸಿ ಇಲ್ಲ ಅಂತ ಯಾವ ಸರ್ಕಾರಿ ಶಾಲೇನೂ ಅವನನ್ನ ಸೇರಿಸ್ಕೊಳ್ಳಲ್ಲ ಅನ್ನೋ ಹಾಗಿಲ್ಲ, ಆರ್‌ಟಿಇ 5ನೇ ಕಲಂನಲ್ಲೇ ಇದೆ. ಅಲ್ಲಿನ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಸಂಪನ್ಮೂಲ ವ್ಯಕ್ತಿ) ನನಗೆ ಪರಿಚಯ. ಹುಡುಗನ ಸ್ಯಾಟ್ಸ್ ನಂಬರ್ ಇದ್ರೆ ನನಗೆ ಮೆಸೇಜ್ ಮಾಡಿ, ಇಲ್ಲಿ ಹಾಕ್ಬೇಡಿ. ಯಾವ ಮಟ್ಟದಲ್ಲಿದಾನೆ ಅಂತಾನೂ ಬರೆದು ಕಳ್ಸಿ, ಹೊಸ ಮೇಷ್ಟ್ರು ಮತ್ತೆ ಮೊದಲಿಂದ ಶುರು ಮಾಡೋದು ಬೇಡ.

ಐದನೇ_ಕ್ಲಾಸ್_ಟೀಚರ್ (ಮಂಡ್ಯ)

ಕಳಿಸಿದೀನಿ ಸರ್. 'ಒತ್ತಕ್ಷರ ಈಗಷ್ಟೇ ಶುರು ಮಾಡಿದಾನೆ, ಬಸ್ ಬೋರ್ಡ್ ಅಂದ್ರೆ ಇಷ್ಟ' ಅಂತ ಬರೆದಿದೀನಿ.

ಕಬ್ಬಿನಗದ್ದೆ

ನಮ್ ಭಾವಮೈದ ನರಸೀಪುರದ ಹತ್ರಾನೇ ಇರೋದು. ಭಾನ್ವಾರ ಗಾಡಿ ಹಾಕ್ಕಂಡು ಗೂಡುಗಳ ತಾವ ಹೋಗಿ ನೋಡ್ಕಂಡ್ ಬತ್ತೀವಿ.